ಕಪ್ಲಿಂಗ್ ಬುಷ್ ಗಟ್ಟಿಯಾಗಲು ಗಂಧಕ ಎಷ್ಟು ಬೇಕು?

ಆಲೆಮನೆಯ ಗಾಣವಿರಲಿ, ಗದ್ದೆಯ ಪಂಪ್‌ಸೆಟ್ ಇರಲಿ, ಮೋಟಾರಿನ ಶಾಫ್ಟನ್ನು ಯಂತ್ರದ ಶಾಫ್ಟಿಗೆ ಜೋಡಿಸುವ ಪಿನ್-ಬುಷ್ ಕಪ್ಲಿಂಗ್ ಇದ್ದ ಕಡೆ ರಬ್ಬರ್ ಬುಷ್ ಸವೆಯುತ್ತಲೇ ಇರುತ್ತದೆ. ಮಂಡ್ಯದ ಗಿರಾಕಿ ಬಂದು ‘ಈ ಸಲ ಒಸಿ ಗಟ್ಟಿಯಾಗಿ ಮಾಡ್ಕೊಡಿ’ ಅಂದಾಗ ಕೈ ಗಂಧಕದ ಡಬ್ಬಕ್ಕೆ ಹೋಗುತ್ತದೆ. ಹೋಗಬೇಕಾದ್ದು ಕಾರ್ಬನ್ ಬ್ಲ್ಯಾಕ್ ಚೀಲಕ್ಕೆ; ರಬ್ಬರಿಗೆ ಗಡಸು ಕೊಡುವುದು ಆ ಕಪ್ಪು ಮಸಿಪುಡಿ.

ಗಂಧಕದ ಕೆಲಸ ಬೇರೆ. ಹಸಿ ರಬ್ಬರಿನ ಉದ್ದುದ್ದ ಅಣುಸರಪಳಿಗಳು ಒಂದರ ಮೇಲೊಂದು ಜಾರುತ್ತವೆ. ಬಿಸಿಲಿಗೆ ಅಂಟು, ಚಳಿಗೆ ಬಿರುಸು. ಎಂಟು ಪರಮಾಣುಗಳ ಉಂಗುರವಾಗಿರುವ ಗಂಧಕ ಬಿಸಿಯಲ್ಲಿ ಒಡೆದು, ಸರಪಳಿಯ ಜೋಡಿಬಂಧದ ಪಕ್ಕದ ಇಂಗಾಲಕ್ಕೆ ಕಚ್ಚಿಕೊಂಡು, ಎರಡು ಸರಪಳಿಗಳ ನಡುವೆ ಸೇತುವೆ ಕಟ್ಟುತ್ತದೆ. ಆಮೇಲೆ ರಬ್ಬರ್ ಎಳೆದರೆ ಹಿಂದಕ್ಕೆ ಬರುತ್ತದೆ. ಗಂಧಕ ಒಂದನ್ನೇ ಹಾಕಿದರೆ, 100 ಭಾಗ ರಬ್ಬರಿಗೆ 8 ಭಾಗ ಹಾಕಿಯೂ 140 ಡಿಗ್ರಿಯಲ್ಲಿ ಸುಮಾರು ಐದು ಗಂಟೆ ಕಾಯಬೇಕು. ಜಿಂಕ್ ಆಕ್ಸೈಡ್, ಸ್ಟಿಯರಿಕ್ ಆಸಿಡ್, ಆಕ್ಸಿಲರೇಟರ್ (ಕ್ರಿಯೆಯನ್ನು ಚುರುಕುಗೊಳಿಸುವ ರಾಸಾಯನಿಕ) ಜೊತೆಗಿದ್ದರೆ ಎರಡೂವರೆ ಭಾಗ ಗಂಧಕ, ಕೆಲವು ನಿಮಿಷ ಸಾಕು.

ಒಂದು ಕಿಲೋ ಆರ್‌ಎಸ್‌ಎಸ್ ಶೀಟಿನ (ಹೊಗೆಯಲ್ಲಿ ಒಣಗಿಸಿದ ನೈಸರ್ಗಿಕ ರಬ್ಬರ್ ಹಾಳೆ) ಲೆಕ್ಕ ಇದು:

ಜಿಂಕ್ ಆಕ್ಸೈಡ್ 50 ಗ್ರಾಂ, ಸ್ಟಿಯರಿಕ್ ಆಸಿಡ್ 20, ಟಿಎಂಕ್ಯೂ (ರಬ್ಬರ್ ಬೇಗ ಹಳಸದಂತೆ ಕಾಯುವುದು) 10, ಎನ್330 ಗ್ರೇಡಿನ ಕಾರ್ಬನ್ ಬ್ಲ್ಯಾಕ್ 600, ಪ್ರೋಸೆಸ್ ಆಯಿಲ್ 50, ಗಂಧಕ 25, ಸಿಬಿಎಸ್ (ಆಕ್ಸಿಲರೇಟರ್) 6.

ರಬ್ಬರಿನ ಗಡಸು ಅಳೆಯುವ ಶೋರ್ ಎ ಮಾಪಕದಲ್ಲಿ 65ರಿಂದ 70 ಬರುತ್ತದೆ. ಇನ್ನೂ ಐದು ಪಾಯಿಂಟ್ ಬೇಕೆಂದರೆ ಬ್ಲ್ಯಾಕ್ 100 ಗ್ರಾಂ ಏರಿಸಿ, ಗಂಧಕ ಮುಟ್ಟಬೇಡಿ. ಗಂಧಕ 60–70 ಗ್ರಾಂ ದಾಟಿಸಿದರೆ ಸಿಗುವುದು ಚಪ್ಪಲಿ ಚರ್ಮದಂಥ, ಬೇಗ ಹರಿಯುವ ಮಾಲು. 300 ಗ್ರಾಂ ಸುಮಾರಿಗೆ ಅದು ಎಬೊನೈಟ್. ನಿಜವಾಗಿಯೂ ಗಟ್ಟಿ, ಆದರೆ ಹೊಡೆತ ತಿನ್ನಬೇಕಾದ ಬುಷ್‌ಗೆ ಏನೂ ಪ್ರಯೋಜನವಿಲ್ಲ.

ಗಂಧಕ ರಬ್ಬರ್ ಗ್ರೇಡಿನದೇ ಆಗಬೇಕು: ನುಣ್ಣಗಿರಬೇಕು, ಆಮ್ಲದ ಅಂಶ ಇರಬಾರದು, ಆಮ್ಲವಿದ್ದರೆ ಕ್ಯೂರ್, ಅಂದರೆ ಸೇತುವೆ ಕಟ್ಟುವ ಕ್ರಿಯೆ, ನಿಧಾನವಾಗುತ್ತದೆ. ಗೊಬ್ಬರದ ಅಂಗಡಿಯಲ್ಲಿ ಬೂದಿರೋಗಕ್ಕೆ ಕೊಡುವ 80 ಪರ್ಸೆಂಟಿನ, ನೀರಲ್ಲಿ ಕದಡಿ ಸಿಂಪಡಿಸುವ ಗಂಧಕದ ಪುಡಿ ಅಗ್ಗ, ಪಕ್ಕದಲ್ಲೇ ಸಿಗುತ್ತದೆ. ಅದರ ಉಳಿದ ಭಾಗ ಬೇರೆ ರಾಸಾಯನಿಕ, ರಬ್ಬರಿಗೆ ಬೇಡ.

ಇನ್ನು ಬೆರೆಸುವುದು. ರಬ್ಬರ್ ಕಲಸುವ ಮಿಲ್ಲಿನ ರೋಲ್ 60–70 ಡಿಗ್ರಿ ಇರಲಿ. ರಬ್ಬರ್ ರೋಲಿಗೆ ಸುತ್ತಿ ನುಣುಪಾದ ಮೇಲೆ ಜಿಂಕ್, ಸ್ಟಿಯರಿಕ್, ಟಿಎಂಕ್ಯೂ. ನಂತರ ಬ್ಲ್ಯಾಕ್ ಮತ್ತು ಆಯಿಲ್ ಸ್ವಲ್ಪ ಸ್ವಲ್ಪವಾಗಿ. ಬ್ಲ್ಯಾಕ್ ಸೇರುವಾಗ ಮಾಲು ತುಂಬ ಕಾಯುತ್ತದೆ. ಇಳಿಸಿ, ಪೂರ್ತಿ ಆರಿಸಿ. ಗಂಧಕ, ಸಿಬಿಎಸ್ ಕೊನೆಗೆ, ರೋಲಿಗೆ ನೀರು ಬಿಟ್ಟುಕೊಂಡೇ. ಮಾಲು 100 ಡಿಗ್ರಿ ಮುಟ್ಟಬಾರದು. ಎರಡೂ ಕಡೆಯಿಂದ ಮುಕ್ಕಾಲು ಭಾಗ ಕೊಯ್ದು ಮಡಿಸಿ, ಸುರುಳಿ ಮಾಡಿ, ಅದನ್ನು ನೆಟ್ಟಗೆ ನಿಲ್ಲಿಸಿ ರೋಲುಗಳ ನಡುವೆ ಆರು ಸಲ ಹಾಯಿಸಿ. ಇಲ್ಲಿ ಅವಸರ ಮಾಡಿದರೆ ಗಂಧಕ ಒಂದೆಡೆ ಗುಂಪಾಗಿ, ಒಂದೇ ಬುಷ್‌ನಲ್ಲಿ ಒಂದು ಬದಿ ಗಟ್ಟಿ, ಒಂದು ಬದಿ ಮೆತ್ತಗೆ. ಒಂದು ರಾತ್ರಿ ತಣ್ಣನೆ ಜಾಗದಲ್ಲಿ ಬಿಡಿ. ಏಪ್ರಿಲ್‌ನಲ್ಲಿ ತಗಡಿನ ಶೆಡ್ ಕೆಳಗೆ ವಾರಗಟ್ಟಲೆ ಇಟ್ಟರೆ ಮೋಲ್ಡಿಗೆ (ಅಚ್ಚಿಗೆ) ಹೋಗುವ ಮೊದಲೇ ಸ್ಕಾರ್ಚ್, ಅಂದರೆ ಅವಧಿಗೆ ಮುಂಚಿನ ಕ್ಯೂರ್, ಶುರು.

ಅಚ್ಚಿಗೆ ಸಿದ್ಧ ಬುಷ್‌ಗಿಂತ ಮೂರರಿಂದ ಐದು ಪರ್ಸೆಂಟ್ ಹೆಚ್ಚು ತೂಕದ ತುಂಡು ಹಾಕಿ. ಪ್ರೆಸ್ ಮುಚ್ಚಿದ ಕೂಡಲೇ ಎರಡು-ಮೂರು ಸಲ ಬಿಟ್ಟು ಒತ್ತಿ, ಗಾಳಿ ಹೋಗಲಿ. ತೆಳು ಶೀಟಿಗೆ 150 ಡಿಗ್ರಿಯಲ್ಲಿ 10–15 ನಿಮಿಷ ಸಾಕು. 30 ಮಿ.ಮೀ. ದಪ್ಪದ ಬುಷ್‌ಗೆ 145 ಡಿಗ್ರಿಯಲ್ಲಿ 35–40 ನಿಮಿಷದಿಂದ ಶುರುಮಾಡಿ. ಬಿಸಿ 10 ಡಿಗ್ರಿ ಏರಿದರೆ ಕ್ರಿಯೆಯ ವೇಗ ಸುಮಾರು ಎರಡು ಪಟ್ಟು ಅನ್ನುವುದು ನಿಜ. ಆದರೆ ಬೇಗ ಮುಗಿಸೋಣವೆಂದು 170ಕ್ಕೆ ಏರಿಸಿದರೆ ಒಳಗಿನ ರಬ್ಬರಿಗೆ ಬಿಸಿ ತಲುಪುವ ಹೊತ್ತಿಗೆ ಹೊರಗಿನ ಗಂಧಕದ ಸೇತುವೆಗಳು ಮುರಿಯತೊಡಗುತ್ತವೆ. ಮೇಲ್ಮೈ ಮತ್ತೆ ಅಂಟಂಟಾಗುತ್ತದೆ, ಅದೇ ರಿವರ್ಶನ್. ಕ್ಯೂರ್ ಮಧ್ಯೆ ಕರೆಂಟು ಹೋದರೆ ಹೋದಷ್ಟು ನಿಮಿಷ ಸೇರಿಸಿ ಕೈತೊಳೆದುಕೊಳ್ಳಬೇಡಿ. ಪ್ಲೇಟ್ ಎಷ್ಟು ಆರಿತ್ತೆಂದು ಥರ್ಮಾಮೀಟರ್ ನೋಡಿ.

ಮೊದಲ ಬುಷ್ಷನ್ನು ತಪ್ಪದೆ ಅಡ್ಡ ಕೊಯ್ಯಿರಿ. ನಡುವೆ ಸಣ್ಣ ತೂತುಗಳಿದ್ದರೆ ಹೆಚ್ಚಾಗಿ ಕ್ಯೂರ್ ಸಾಲದು, ಐದು ನಿಮಿಷ ಸೇರಿಸಿ. ಕೆಲವು ದಿನಕ್ಕೆ ಮೈಮೇಲೆ ಬೂದಿ ಬಣ್ಣದ ಪುಡಿ ಎದ್ದರೆ ಅದು ಬ್ಲೂಮ್: ಬಿಸಿಯಲ್ಲಿ ಕರಗಿ, ಬಂಧವಾಗದೆ ಉಳಿದ ಗಂಧಕ ತಣ್ಣಗಾದ ಮೇಲೆ ಹೊರಗೆ ಬಂದಿದೆ. ಕಾರಣ ಅತಿ ಗಂಧಕ ಅಥವಾ ಅರ್ಧ ಕ್ಯೂರ್. ಹಸಿ ಮಾಲಿನ ಮೇಲೇ ಬ್ಲೂಮ್ ಇದ್ದರೆ ಲೋಹಕ್ಕೆ ಅಂಟಿಸುವ ಕೆಲಸ ಕೆಡುತ್ತದೆ. ಅಂಥ ಕಡೆ ರಬ್ಬರಿನಲ್ಲಿ ಕರಗದ ಬಗೆಯ ಗಂಧಕ (ಇನ್‌ಸಾಲ್ಯುಬಲ್ ಸಲ್ಫರ್) ಬಳಸಿ, ಮಿಲ್ಲನ್ನು ಇನ್ನೂ ತಣ್ಣಗಿಡಿ. ಹಿತ್ತಾಳೆ ಅಚ್ಚು ಬೇಡವೇ ಬೇಡ. ಹಿತ್ತಾಳೆಯೊಳಗಿನ ತಾಮ್ರದೊಂದಿಗೆ ಗಂಧಕ ಸಲ್ಫೈಡ್ ಆಗಿ ರಬ್ಬರನ್ನು ಅಚ್ಚಿಗೇ ಕಚ್ಚಿಸಿಬಿಡುತ್ತದೆ. ಟೈರಿನೊಳಗಿನ ಉಕ್ಕಿನ ತಂತಿಗೆ ಹಿತ್ತಾಳೆ ಲೇಪ ಕೊಡುವುದು ಇದೇ ಗುಣಕ್ಕಾಗಿ.

ಡೀಸೆಲ್ ಎಂಜಿನ್ನಿನ ಎಣ್ಣೆ ಬೀಳುವ ಜಾಗಕ್ಕೆ ಈ ಬುಷ್ ಕೊಡಬೇಡಿ, ಉಬ್ಬಿಹೋಗುತ್ತದೆ. ಅಲ್ಲಿಗೆ ಎಣ್ಣೆ ತಡೆಯುವ ನೈಟ್ರೈಲ್ ರಬ್ಬರ್. ನೈಟ್ರೈಲಿನಲ್ಲಿ ಗಂಧಕ ಸುಲಭವಾಗಿ ಬೆರೆಯದ ಕಾರಣ ಕ್ರಮ ತಿರುವುಮುರುವು: ಗಂಧಕ ಮೊದಲು, ಆಕ್ಸಿಲರೇಟರ್ ಕೊನೆಗೆ.

ಗಂಧಕದ ದೂಳು ಗಾಳಿಯಲ್ಲಿ ತೇಲುವಾಗ ಒಂದು ಕಿಡಿಗೆ ಸಿಡಿಯುತ್ತದೆ. ತೂಗುವ ಮೂಲೆಯಲ್ಲಿ ಬೀಡಿ, ಗ್ರೈಂಡರ್, ವೆಲ್ಡಿಂಗ್ ಯಾವುದೂ ಇರಬಾರದು. ಚೆಲ್ಲಿದ್ದನ್ನು ಏರ್‌ಗನ್‌ನಿಂದ ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.