ದಾರ ಹಿಡಿದು ಅಳೆದ ವಿಮಾನದ ದಾರಿ

ತಮ್ಮನ ಟಿಕೆಟ್ ವಿಷಯದಲ್ಲಿ ತಕರಾರು ತೆಗೆದವಳು ಅವ್ವ. ಬೆಂಗಳೂರಿನಲ್ಲಿ ಮಧ್ಯಾಹ್ನ 2ಕ್ಕೆ ಹತ್ತಿದವನು ಅದೇ ದಿನ ಸಂಜೆ 5.30ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುತ್ತಾನೆ ಎಂದು ನಾನು ಓದಿ ಹೇಳಿದ್ದೆ. "ಮೂರೂವರೆ ತಾಸು! ಪಂಢರಪುರಕ್ಕೆ ಹೋದಷ್ಟು ಹೊತ್ತು. ಅದಕ್ಕೆ ಇಷ್ಟೊಂದು ರೊಕ್ಕವೇ?" ಎಂದಳು. ವಿಜಯಪುರದ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವವನು ನಾನು. ಸುಮ್ಮನಿರಲಾಗಲಿಲ್ಲ.

ಮೊದಲ ಸಲ ಎಡವಿದೆ. ಶಾಲೆಯ ಗೋಡೆಯ ನಕಾಶೆಯ ಮೇಲೆ ಅಳತೆಪಟ್ಟಿ ಇಟ್ಟು ಲೆಕ್ಕ ಹಾಕಿದರೆ 22,000 ಕಿ.ಮೀ. ದಾಟಿತು. ಅಮೆರಿಕ ನಕಾಶೆಯ ಎಡತುದಿಯಲ್ಲಿದ್ದುದರಿಂದ ಪಶ್ಚಿಮದ ಕಡೆಗೇ ಅಳೆದಿದ್ದೆ. ಮೇಲಾಗಿ ದುಂಡಗಿನ ಭೂಮಿಯನ್ನು ಹಾಳೆಯ ಮೇಲೆ ಹಾಸಿದಾಗ ದೂರಗಳು ಹಿಗ್ಗುತ್ತವೆ. ವರ್ಷ ವರ್ಷವೂ ಮಕ್ಕಳಿಗೆ ಹೇಳುವ ಪಾಠವೇ ಇದು.

ಕಪಾಟಿನ ಮೇಲಿನ ಗ್ಲೋಬ್ ಇಳಿಸಿ ಧೂಳು ಒರೆಸಿದೆ. ಹೊಲಿಗೆಯ ದಾರವನ್ನು ಸಮಭಾಜಕ ವೃತ್ತಕ್ಕೆ ಸುತ್ತಿ ಅಳೆದಾಗ 96 ಸೆಂ.ಮೀ. ಬಂತು. ಅಲ್ಲಿ ಭೂಮಿಯ ಸುತ್ತಳತೆ 40,075 ಕಿ.ಮೀ.; ಎಂದರೆ ಒಂದು ಸೆಂ.ಮೀ.ಗೆ ಸುಮಾರು 417 ಕಿ.ಮೀ. ಬಳಿಕ ದಾರದ ಒಂದು ತುದಿಯನ್ನು ಬೆಂಗಳೂರಿಗೆ ಅಂಟಿಸಿ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋದ ಮೇಲೆ ಹಿಡಿದು ಬಿಗಿಯಾಗಿ ಎಳೆದೆ. ಎಳೆದಂತೆಲ್ಲ ದಾರ ಪೆಸಿಫಿಕ್ ಸಾಗರವನ್ನು ಬಿಟ್ಟು ಮೇಲೆ ಮೇಲೆ ಜಾರಿತು! ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ, ಆರ್ಕ್ಟಿಕ್ ಸಾಗರದ ಅಂಚು ತಾಗಿ, ಅಲಾಸ್ಕಾದ ಮೇಲಿಂದ ಕೆಳಗಿಳಿದು ನಿಂತಿತು. ಅತಿ ಹತ್ತಿರದ ದಾರಿಯನ್ನು ದಾರ ತಾನೇ ಹುಡುಕಿಕೊಂಡಿತ್ತು. ಉದ್ದ 33.5 ಸೆಂ.ಮೀ., ಸುಮಾರು 13,970 ಕಿ.ಮೀ. ಈ ಎರಡು ಊರುಗಳ ನೇರ ದೂರವೆಂದು ಏರ್ ಇಂಡಿಯಾ ಹೇಳಿದ್ದು 13,993. ದಾರದ ದಪ್ಪದಷ್ಟೇ ತಪ್ಪು, ಅದೃಷ್ಟವೂ ಇತ್ತೆನ್ನಿ.

ನಿಜವಾದ ವಿಮಾನಗಳು ಗಾಳಿ ನೋಡಿಕೊಂಡು ಈ ಗೆರೆಯಿಂದ ಆಚೀಚೆ ಸರಿಯುತ್ತವೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ತಂದಿದ್ದರು.

ಇನ್ನು ಗಡಿಯಾರ. ಟಿಕೆಟ್ಟಿನಲ್ಲಿ ಇರುವುದು ಆಯಾ ಊರಿನ ಸಮಯ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ತಾಸು ಹಿಂದೆ. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ತಾಸು ಮುಂದೆ ತಿರುಗಿಸುವುದರಿಂದ ಹನ್ನೆರಡೂವರೆ. ಚಳಿಗಾಲದ ಲೆಕ್ಕದಲ್ಲಿ ಅಲ್ಲಿಯ ಸಂಜೆ 5.30 ಎಂದರೆ ನಮಗೆ ಮರುದಿನ ಬೆಳಗಿನ 7 ಗಂಟೆ. ಹಾಗಾಗಿ ಪ್ರಯಾಣ 17 ತಾಸು. ದೂರವನ್ನು ಅದರಿಂದ ಭಾಗಿಸಿದರೆ ಗಂಟೆಗೆ 820 ಕಿ.ಮೀ. ಚಿಲ್ಲರೆ, ಜೆಟ್ ವಿಮಾನಕ್ಕೆ ಒಪ್ಪುವ ವೇಗವೇ.

ಹದಿನೇಳು ತಾಸು ಎಂದ ಕೂಡಲೇ ಅವ್ವ ಶೇಂಗಾ ಹಿಂಡಿಯ ಇನ್ನೊಂದು ಪೊಟ್ಟಣ ಕಟ್ಟಿದಳು. ಆಮೇಲೆ ನಾನೇ ಬಾಯಿ ತಪ್ಪಿ ಅಂದೆ: ಮರಳಿ ಬರುವಾಗ ಅವನು ಶನಿವಾರ ರಾತ್ರಿ ಹತ್ತಿದರೆ ಇಳಿಯುವುದು ಸೋಮವಾರ ನಸುಕಿಗೆ.

"ಹಾಗಾದರೆ ಭಾನುವಾರ ಅವನಿಗೆ ಊಟ ಹಾಕುವವರು ಯಾರು?"