ದೋಷ ಕಂಪನಿಗೂ ಗೊತ್ತು, ಆದರೂ ರಿಪೇರಿ ಮಾಡಿಕೊಡುತ್ತಿಲ್ಲವೇ?

ಒಂದೇ ಮಾಡೆಲ್‌ನ ಸಾವಿರಾರು ಕಾರುಗಳಲ್ಲಿ ಒಂದೇ ಭಾಗ ಕೈಕೊಟ್ಟರೂ ಸರ್ವಿಸ್ ಕೌಂಟರಿನಲ್ಲಿ ಸಿಗುವ ಉತ್ತರ ಹೆಚ್ಚಾಗಿ ಈ ಮೂರರಲ್ಲಿ ಒಂದು: "ಈ ಮಾಡೆಲ್‌ನಲ್ಲಿ ಇದು ನಾರ್ಮಲ್", "ನೀವು ಓಡಿಸುವ ರೀತಿಯಿಂದ ಹೀಗಾಗಿದೆ", "ವಾರಂಟಿ ಮುಗಿದಿದೆ". ಜೋರು ಮಾಡಿದರೆ ಇವು ಬದಲಾಗುವುದಿಲ್ಲ. ಕಂಪನಿಯದೇ ದಾಖಲೆ ಒಂದು ಕಡೆ, ನಿಮ್ಮ ಕಾರಿನ ದಾಖಲೆ ಇನ್ನೊಂದು ಕಡೆ ಇಟ್ಟು, ಎರಡೂ ತಾಳೆಯಾಗುತ್ತವೆ ಎಂದು ತೋರಿಸಿದಾಗಲೇ ದೂರಿಗೆ ಬಲ ಬರುವುದು.

ಓಡಿಸುವ ರೀತಿಯ ಮೇಲೆ ತಪ್ಪು ಹೊರಿಸಿದರೆಂದು ಸುಮ್ಮನಾಗಬೇಡಿ. ಆಸ್ಟ್ರೇಲಿಯಾದಲ್ಲಿ ಫೋರ್ಡ್‌ನ ಪವರ್‌ಶಿಫ್ಟ್ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇದ್ದ ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್ ಕಾರುಗಳು ನಡುಗುತ್ತಿವೆ ಎಂದು ದೂರು ತಂದವರಿಗೂ ಇದೇ ಮಾತು ಹೇಳಲಾಗಿತ್ತು. ಗೇರ್‌ಬಾಕ್ಸಿನ ಸಮಸ್ಯೆ ಗೊತ್ತಿದ್ದೂ ಹಾಗೆ ಹೇಳಿದ್ದು ಅನ್ಯಾಯದ ನಡವಳಿಕೆ ಎಂದ ಅಲ್ಲಿನ ಫೆಡರಲ್ ನ್ಯಾಯಾಲಯ, 2018ರಲ್ಲಿ ಕಂಪನಿಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು.

ಮೊದಲು: ಕಂಪನಿ ಏನನ್ನು ಒಪ್ಪಿಕೊಂಡಿದೆ ಎಂದು ಹುಡುಕಿ

ಕಂಪನಿಯ ಒಪ್ಪಿಗೆಗೆ ಮೂರು ಮಟ್ಟಗಳಿವೆ. ಮೊದಲನೆಯದು ಸುರಕ್ಷತೆಗೆ ಧಕ್ಕೆ ತರುವ ದೋಷಕ್ಕೆ ರೀಕಾಲ್, ಅಂದರೆ ಕಂಪನಿಯೇ ಕಾರುಗಳನ್ನು ವಾಪಸ್ ಕರೆಸಿ ಸರಿಪಡಿಸುವುದು. ವಾರಂಟಿ ಮುಗಿದಿದ್ದರೂ, ಕಾರು ಎರಡು ಕೈ ಬದಲಾಗಿದ್ದರೂ ರೀಕಾಲ್ ರಿಪೇರಿ ಉಚಿತ. ಅಮೆರಿಕದಲ್ಲಿ ಇದಕ್ಕೆ ಮೊದಲ ಮಾರಾಟದಿಂದ 15 ವರ್ಷದ ಮಿತಿ ಇದೆ. ಪ್ರತಿ ಕಾರಿಗೂ ಪ್ರತ್ಯೇಕವಾಗಿರುವ 17 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯನ್ನು (ವಿಐಎನ್) ಕಂಪನಿಯ ಜಾಲತಾಣದಲ್ಲಿ ಹಾಕಿದರೆ ಬಾಕಿ ರೀಕಾಲ್ ತಿಳಿಯುತ್ತದೆ.

ಎರಡನೆಯದು ನಿರ್ದಿಷ್ಟ ಭಾಗಕ್ಕೆ ಮಾತ್ರ ಕೊಡುವ ವಾರಂಟಿ ವಿಸ್ತರಣೆ. ಇಲ್ಲಿ ಷರತ್ತುಗಳನ್ನು ಓದಲೇಬೇಕು. ಅಮೆರಿಕದಲ್ಲಿ ಹ್ಯುಂಡೈ ಮತ್ತು ಕಿಯಾ ತಮ್ಮ ಥೀಟಾ 2 ಎಂಜಿನ್‌ನ ಕನೆಕ್ಟಿಂಗ್ ರಾಡ್ ಬೇರಿಂಗ್ ದೋಷಕ್ಕೆ ಆಜೀವ ವಾರಂಟಿ ಕೊಟ್ಟಾಗ, ಎಂಜಿನ್‌ನ ಅಸಹಜ ಕಂಪನವನ್ನು ಗುರುತಿಸುವ ನಾಕ್ ಸೆನ್ಸರ್‌ಗೆ ಸಂಬಂಧಿಸಿದ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿಸಿರಬೇಕು ಎಂಬ ಷರತ್ತಿತ್ತು. ಮನೆಗೆ ಬಂದ ಪತ್ರವನ್ನು ಜಾಹೀರಾತೆಂದು ಪಕ್ಕಕ್ಕಿಟ್ಟರೆ ಇಂಥ ಕಡೆ ಹಕ್ಕೇ ಕೈತಪ್ಪಬಹುದು.

ಮೂರನೆಯದು ಸರ್ವಿಸ್ ಬುಲೆಟಿನ್. ಇದು ಕಂಪನಿ ತನ್ನ ಡೀಲರ್‌ಗಳಿಗೆ ಕಳಿಸುವ ತಾಂತ್ರಿಕ ಸೂಚನೆ: ಲಕ್ಷಣ ಹೀಗಿರುತ್ತದೆ, ಇಂಥ ಅವಧಿಯಲ್ಲಿ ತಯಾರಾದ ಕಾರುಗಳಲ್ಲಿ ಬರುತ್ತದೆ, ಹೀಗೆ ಪರೀಕ್ಷಿಸಿ, ಈ ಹೊಸ ಭಾಗ ಹಾಕಿ. ಬುಲೆಟಿನ್ ಇದ್ದ ಮಾತ್ರಕ್ಕೆ ರಿಪೇರಿ ಉಚಿತವಾಗುವುದಿಲ್ಲ. ಈ ತಪ್ಪು ತಿಳಿವಳಿಕೆಯಿಂದ ಎಷ್ಟೋ ದೂರುಗಳು ಮೊದಲ ಹೆಜ್ಜೆಯಲ್ಲೇ ಎಡವುತ್ತವೆ. ಬುಲೆಟಿನ್‌ನ ಪ್ರಯೋಜನ ಬೇರೆ. "ಇಂಥ ದೂರು ನಾವು ಕೇಳಿಯೇ ಇಲ್ಲ" ಎನ್ನುವ ಬಾಯಿಯನ್ನು ಅದು ಮುಚ್ಚಿಸುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಈ ಬುಲೆಟಿನ್‌ಗಳನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ಪ್ರಕಟಿಸುತ್ತದೆ, ಯಾವ ದೇಶದವರೂ ನೋಡಬಹುದು. ಒಂದೇ ಎಂಜಿನ್ ಬೇರೆ ಬೇರೆ ದೇಶಗಳಲ್ಲಿ ಬೇರೆ ಹೆಸರಿನ ಕಾರಿನಲ್ಲಿ ಇರುವುದರಿಂದ, ಮಾಡೆಲ್ ಹೆಸರಿನ ಜೊತೆಗೆ ಎಂಜಿನ್ ಕೋಡ್, ಗೇರ್‌ಬಾಕ್ಸ್ ಕೋಡ್ ಹಾಕಿಯೂ ಹುಡುಕಿ.

ಇನ್ನೊಂದು ಸುಳಿವು ಪಾರ್ಟ್ ನಂಬರ್‌ನಲ್ಲಿದೆ. ಹಳೆಯ ಭಾಗದ ಮೇಲಿನ ಸಂಖ್ಯೆಯನ್ನು ಬಿಡಿಭಾಗದ ಕೌಂಟರಿನಲ್ಲಿ ಕೊಟ್ಟು, ಈಗ ಅದರ ಬದಲು ಯಾವುದು ಬರುತ್ತದೆ ಎಂದು ಕೇಳಿ. ಕೊನೆಯ ಅಕ್ಷರ ಬದಲಾಗಿದ್ದರೆ ಭಾಗವನ್ನು ಪರಿಷ್ಕರಿಸಿರುವ ಸಾಧ್ಯತೆ ಹೆಚ್ಚು. ಆದರೆ ಸಂಖ್ಯೆ ಬದಲಾಗಿಲ್ಲವೆಂದು ಭಾಗವೂ ಬದಲಾಗಿಲ್ಲ ಎನ್ನುವಂತಿಲ್ಲ. ಜನರಲ್ ಮೋಟರ್ಸ್ ಕಾರುಗಳ ಇಗ್ನಿಷನ್ ಸ್ವಿಚ್ (ಕೀ ತಿರುಗಿಸುವ ಸ್ವಿಚ್) ಕಾರು ಓಡುವಾಗಲೇ ಜಾರಿ ಎಂಜಿನ್ ಆಫ್ ಆಗುತ್ತಿತ್ತು, ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತಿರಲಿಲ್ಲ. ಆ ಸ್ವಿಚ್‌ನ ವಿನ್ಯಾಸವನ್ನು 2006ರಲ್ಲಿ ಪಾರ್ಟ್ ನಂಬರ್ ಬದಲಿಸದೆಯೇ ತಿದ್ದಲಾಗಿತ್ತು. ರೀಕಾಲ್ ಬಂದದ್ದು 2014ರಲ್ಲಿ. ಕಂಪನಿಯ ಪರಿಹಾರ ನಿಧಿಯೇ 124 ಸಾವುಗಳನ್ನು ಈ ದೋಷಕ್ಕೆ ಜೋಡಿಸಿತು. ಹಳೆಯ, ಹೊಸ ಸ್ವಿಚ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೇ ವ್ಯತ್ಯಾಸ ಹೊರಬಿದ್ದಿತ್ತು.

ಜಾಬ್ ಕಾರ್ಡ್‌ನಲ್ಲಿ ನಿಮ್ಮ ಮಾತೇ ಇರಲಿ

ಮುಂದೆ ಯಾರೇ ನಿಮ್ಮ ದೂರನ್ನು ಓದಲಿ, ಮೊದಲು ನೋಡುವುದು ಜಾಬ್ ಕಾರ್ಡ್, ಅಂದರೆ ಕಾರು ಬಿಡುವಾಗ ನಿಮ್ಮ ದೂರನ್ನು ಬರೆದುಕೊಳ್ಳುವ ಹಾಳೆ. ಸರ್ವಿಸ್ ಅಡ್ವೈಸರ್ "ಎಂಜಿನ್ ಸದ್ದು, ಚೆಕ್ ಮಾಡಿ" ಎಂದು ಬರೆದರೆ ಒಪ್ಪಬೇಡಿ. "ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್‌ನ ಚೈನ್ ಕಡೆಯಿಂದ ಎರಡು ಮೂರು ಸೆಕೆಂಡ್ ಗರಗರ ಸದ್ದು, ಎಂಜಿನ್ ಬಿಸಿಯಾದ ಮೇಲೆ ಇಲ್ಲ" ಎಂದು ಬರೆಸಿ. ಬುಲೆಟಿನ್‌ನಲ್ಲಿರುವ ಪದಗಳು ನಿಮ್ಮ ಕಾರಿಗೆ ನಿಜಕ್ಕೂ ಹೊಂದುವುದಾದರೆ ಅವನ್ನೇ ಬಳಸಿ, ಬುಲೆಟಿನ್ ಸಂಖ್ಯೆಯನ್ನೂ ಸೇರಿಸಿ.

ಈ ಸದ್ದಿಗೆ ಒಂದು ಕಾರಣ, ಎಂಜಿನ್‌ನ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್‌ನೊಳಗಿನ ಆಯಿಲ್ ರಾತ್ರಿ ಇಳಿದುಹೋಗಿ, ಒತ್ತಡ ಏರುವತನಕ ಚೈನ್ ಸಡಿಲವಾಗಿರುವುದು. ಹತ್ತು ಕಿಲೋಮೀಟರ್ ಓಡಿಸಿಕೊಂಡು ಹೋದ ಕಾರಿನಲ್ಲಿ ಅದು ಕೇಳುವುದೇ ಇಲ್ಲ. "ದೋಷ ಕಂಡುಬಂದಿಲ್ಲ" ಎಂದು ಬರೆದು ಕಳಿಸುತ್ತಾರೆ. ಹಾಗಾಗಿ ಕಾರನ್ನು ಹಿಂದಿನ ಸಂಜೆಯೇ ಬಿಟ್ಟು, ತಣ್ಣಗಿರುವಾಗ ಸ್ಟಾರ್ಟ್ ಮಾಡಿ ನೋಡಬೇಕೆಂದು ಕಾರ್ಡ್‌ನಲ್ಲೇ ನಮೂದಿಸಿ. ಮನೆಯಲ್ಲಿ ವಿಡಿಯೋ ಮಾಡುವಾಗ ಓಡೋಮೀಟರ್ ಮತ್ತು ಟೆಂಪರೇಚರ್ ಮುಳ್ಳು ಕಾಣುವಂತೆ ಶುರುಮಾಡಿ, ನಡುವೆ ಕತ್ತರಿಸದೆ ಸದ್ದಿನತನಕ ತೆಗೆಯಿರಿ. ದೋಷ ಸಿಗದಿದ್ದರೂ ಕಾರ್ಡ್ ಮುಚ್ಚಿಸಿ ಪ್ರತಿ ತೆಗೆದುಕೊಳ್ಳಿ. ವಾರಂಟಿ ಇದ್ದಾಗಲೇ ದೂರು ಕೊಟ್ಟಿದ್ದಿರಿ ಎಂಬುದಕ್ಕೆ ಆ ಒಂದು ಹಾಳೆಯೇ ಸಾಕ್ಷಿ.

ಚೆಕ್ ಎಂಜಿನ್ ದೀಪ ಹತ್ತಿದ್ದರೆ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಅಳಿಸಬೇಡಿ, ಬ್ಯಾಟರಿಯನ್ನೂ ಬಿಚ್ಚಬೇಡಿ. ಕೋಡ್ ದಾಖಲಾದ ಕ್ಷಣದ ಎಂಜಿನ್ ವೇಗ, ಉಷ್ಣತೆ, ಲೋಡ್ ಎಲ್ಲವೂ ಫ್ರೀಜ್ ಫ್ರೇಮ್ ದತ್ತಾಂಶವಾಗಿ ಉಳಿದಿರುತ್ತದೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ.

ಎಂಜಿನ್ ಆಯಿಲ್ ಕುಡಿಯುತ್ತಿದೆ ಎಂಬ ದೂರಿಗೆ ಪ್ರತ್ಯೇಕ ಪರೀಕ್ಷೆ ಇದೆ. ಡೀಲರ್ ಆಯಿಲ್, ಫಿಲ್ಟರ್ ಬದಲಿಸಿ, ಮಟ್ಟ ಸರಿಯಾಗಿ ತುಂಬಿ, ಡ್ರೇನ್ ಪ್ಲಗ್, ಡಿಪ್‌ಸ್ಟಿಕ್, ಫಿಲ್ಲರ್ ಮುಚ್ಚಳಕ್ಕೆ ಗುರುತು ಅಥವಾ ಸೀಲ್ ಹಾಕುತ್ತಾರೆ. ಕಂಪನಿ ಹೇಳಿದಷ್ಟು ದೂರ ಓಡಿಸಿ ಮರಳಿದ ಮೇಲೆ ಎಷ್ಟು ಕಡಿಮೆಯಾಗಿದೆ ಎಂದು ಅಳೆಯುತ್ತಾರೆ. ನಡುವೆ ನೀವು ಆಯಿಲ್ ಸೇರಿಸಿದರೆ ಪರೀಕ್ಷೆ ವ್ಯರ್ಥ. ಆದರೆ ಆಯಿಲ್ ಒತ್ತಡದ ಕೆಂಪು ದೀಪ ಬಂದರೆ ಪರೀಕ್ಷೆ ಮುಗಿಸುವ ಹಟ ಬೇಡ. ತಕ್ಷಣ ಎಂಜಿನ್ ನಿಲ್ಲಿಸಿ ಡೀಲರ್‌ಗೆ ಫೋನ್ ಮಾಡಿ. ಶುರುವಿನ ಮಟ್ಟ, ಕೊನೆಯ ಮಟ್ಟ, ಎರಡೂ ಓಡೋಮೀಟರ್ ಅಂಕಿಗಳು, ಕಂಪನಿಯ ಮಿತಿ ಎಷ್ಟು ಎಂಬುದು ಲಿಖಿತವಾಗಿ ಸಿಗಬೇಕು.

ಸರ್ವಿಸ್ ರಸೀದಿಗಳು

ಕಂಪನಿ ಹೆಚ್ಚಾಗಿ ಹಿಡಿಯುವ ತಪ್ಪು ಇಲ್ಲಿದೆ. ದಿನಾಂಕ, ಕಿಲೋಮೀಟರ್, ಆಯಿಲ್ ಗ್ರೇಡ್ ಇರುವ ಬಿಲ್ಲುಗಳನ್ನು ಅನುಕ್ರಮವಾಗಿ ಜೋಡಿಸಿ. ಹೊರಗೆ ಸರ್ವಿಸ್ ಮಾಡಿಸಿದ ಮಾತ್ರಕ್ಕೆ ವಾರಂಟಿ ಹೋಗುತ್ತದೆ ಎಂಬುದು ಎಲ್ಲ ಕಡೆ ನಿಜವಲ್ಲ. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ ಅಂಥ ಷರತ್ತಿಗೆ ತಡೆ ಹಾಕಿದೆ.

ಪತ್ರ ಚಿಕ್ಕದಿರಲಿ

ಡೀಲರ್‌ನ ವರ್ಕ್‌ಶಾಪ್ ಮ್ಯಾನೇಜರ್, ಆಮೇಲೆ ಕಂಪನಿಯ ಪ್ರಾದೇಶಿಕ ಸರ್ವಿಸ್ ಮ್ಯಾನೇಜರ್, ಆಮೇಲೆ ಕೇಂದ್ರ ಕಚೇರಿ. ಪ್ರತಿ ಹಂತದಲ್ಲೂ ದೂರು ಸಂಖ್ಯೆ ಪಡೆಯಿರಿ, ಫೋನಿನಲ್ಲಿ ಹೇಳಿದ್ದನ್ನು ಅದೇ ದಿನ ಇಮೇಲ್ ಮಾಡಿ. ಒಂದೇ ಪುಟ ಸಾಕು: ವಿಐಎನ್, ಖರೀದಿ ದಿನಾಂಕ, ಕಿಲೋಮೀಟರ್, ಮೊದಲ ದೂರಿನ ದಿನಾಂಕ, ಬುಲೆಟಿನ್ ಸಂಖ್ಯೆ, ಬೇಡಿಕೆ. "ನ್ಯಾಯ ಕೊಡಿಸಿ" ಎಂದರೆ ಯಾರೂ ಏನೂ ಮಾಡಲಾರರು. "ಪರಿಷ್ಕೃತ ಟೆನ್ಷನರ್ ಮತ್ತು ಚೈನ್ ಕಿಟ್ಟನ್ನು ಲೇಬರ್ ಸಮೇತ ಉಚಿತವಾಗಿ ಹಾಕಿಕೊಡಿ; ನಿರಾಕರಿಸುವುದಾದರೆ ಕಾರಣವನ್ನು 15 ದಿನದೊಳಗೆ ಲಿಖಿತವಾಗಿ ತಿಳಿಸಿ" ಎಂದು ಕೇಳಿ. ನಿರಾಕರಣೆಯ ಪತ್ರ ಮುಂದಿನ ಹೆಜ್ಜೆಗೆ ಬೇಕೇಬೇಕು.

ವಾರಂಟಿ ಮುಗಿದಿದ್ದರೆ ಗುಡ್‌ವಿಲ್ ಅಡಿ, ಅಂದರೆ ಕಂಪನಿ ತಾನಾಗಿ ಕೊಡುವ ರಿಯಾಯಿತಿಯಾಗಿ, ಪರಿಗಣಿಸಲು ಕೋರಿ. ಕಾರಿನ ವಯಸ್ಸು, ಓಡಿದ ದೂರ, ಸರ್ವಿಸ್ ದಾಖಲೆ ನೋಡಿ ಕಂಪನಿ ಖರ್ಚನ್ನು ಪೂರ್ತಿ ಅಥವಾ ಒಂದು ಪಾಲು ಭರಿಸಬಹುದು. ಭಾಗ ನಮ್ಮದು, ಲೇಬರ್ ನಿಮ್ಮದು ಎನ್ನುವುದು ಸಾಮಾನ್ಯ. ಮೊದಲ ಪ್ರಸ್ತಾಪವೇ ಕೊನೆಯದಲ್ಲ. ವಾರಂಟಿ ಅವಧಿಯಲ್ಲಿ ಕೊಟ್ಟ ದೂರಿನ ಜಾಬ್ ಕಾರ್ಡ್ ಇದ್ದರೆ ಪಾಲು ಹೆಚ್ಚಿಸಲು ಕೇಳಿ. ಹಣ ಕೊಡುವಾಗ ಸಹಿ ಹಾಕಿಸುವ ಕಾಗದದಲ್ಲಿ "ಮುಂದೆ ಯಾವುದೇ ಕ್ಲೇಮ್ ಮಾಡುವುದಿಲ್ಲ" ಎಂಬ ಸಾಲಿದ್ದರೆ, ಹೊಸ ಭಾಗವೂ ಕೈಕೊಟ್ಟರೆ ಏನು ಗತಿ ಎಂದು ಯೋಚಿಸಿಯೇ ಸಹಿ ಹಾಕಿ.

ಕಾನೂನಿನ ಮೊರೆ ಹೋಗುವ ಮುನ್ನ

ಬಿಚ್ಚಿದ ಎಂಜಿನ್ ಸಾಕ್ಷ್ಯವಾಗಿ ದುರ್ಬಲ. ಹೊರಗಿನ ಪರಿಣತರಿಂದ ಪರೀಕ್ಷೆ ಮಾಡಿಸುವುದಾದರೆ ದಿನ, ಜಾಗ ತಿಳಿಸಿ ಕಂಪನಿಗೆ ಮುಂಚೆಯೇ ಪತ್ರ ಬರೆಯಿರಿ. ಅವರು ಬರದಿದ್ದರೆ ಅದು ಅವರ ಆಯ್ಕೆ. ವರದಿಯಲ್ಲಿ "ಹಾಳಾಗಿದೆ" ಎಂದಷ್ಟೇ ಇದ್ದರೆ ಸಾಲದು. ಯಾವ ಭಾಗ, ಯಾವ ಅಳತೆ, ಕಂಪನಿಯ ಮಿತಿ ಎಷ್ಟು, ನಿರ್ವಹಣೆಯ ಲೋಪದಿಂದ ಆಗಿದ್ದಲ್ಲ ಎಂದು ಏಕೆ ಹೇಳಬಹುದು ಎಂಬುದೆಲ್ಲ ಬೇಕು. ಹಣ ಕೊಟ್ಟು ರಿಪೇರಿ ಮಾಡಿಸುವಾಗ ಹಳೆಯ ಭಾಗ ವಾಪಸ್ ಬೇಕೆಂದು ಕೆಲಸ ಶುರುವಾಗುವ ಮೊದಲೇ ಬರೆಸಿ.

ಯಾರ ಮೇಲೆ, ಎಷ್ಟು ದಿನದೊಳಗೆ ದೂರು ಕೊಡಬೇಕು ಎಂಬುದು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲಿ ಹೊಣೆ ಮಾರಿದವರದು; ಮೊದಲ ಆರು ತಿಂಗಳಲ್ಲಿ ಕಂಡ ದೋಷ ಮಾರಾಟದ ವೇಳೆಗೇ ಇತ್ತೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಎರಡು ವರ್ಷದ ಗಡುವಿದೆ, ಡೀಲರ್ ಮತ್ತು ತಯಾರಕ ಇಬ್ಬರನ್ನೂ ಪ್ರತಿವಾದಿ ಮಾಡಬಹುದು. ಕಂಪನಿ "ಪರಿಶೀಲಿಸುತ್ತಿದ್ದೇವೆ" ಎನ್ನುತ್ತಾ ತಿಂಗಳುಗಟ್ಟಲೆ ಎಳೆದರೂ ಗಡುವು ತಾನಾಗಿ ನಿಲ್ಲುವುದಿಲ್ಲ.

ಸುರಕ್ಷತೆಯ ದೋಷವಾದರೆ ವಾಹನ ಸುರಕ್ಷತಾ ಸಂಸ್ಥೆಗೂ ದೂರು ಕೊಡಿ. ಅದರಿಂದ ನಿಮ್ಮ ಬಿಲ್ಲು ತೀರುವುದಿಲ್ಲ, ಆದರೆ ಒಂದೇ ಬಗೆಯ ದೂರುಗಳು ಕೂಡಿದಾಗ ತನಿಖೆಗೆ ದಾರಿಯಾಗುತ್ತದೆ. ರೀಕಾಲ್ ಘೋಷಣೆಗೆ ಮೊದಲೇ ಸ್ವಂತ ಹಣದಲ್ಲಿ ರಿಪೇರಿ ಮಾಡಿಸಿದವರಿಗೆ ಹಣ ಮರಳಿಸುವ ವ್ಯವಸ್ಥೆ ಕೆಲವು ದೇಶಗಳಲ್ಲಿದೆ. ಅದಕ್ಕೆ ಕೇಳುವುದು ವಿಐಎನ್, ಪಾರ್ಟ್ ನಂಬರ್, ಲೇಬರ್ ಮೊತ್ತ ಬಿಡಿಬಿಡಿಯಾಗಿರುವ ಬಿಲ್ಲು ಮತ್ತು ಹಣ ಪಾವತಿಸಿದ ಪುರಾವೆ. ಕಾರು ಮಾರಿದ ಮೇಲೂ ಆ ಎರಡು ಕಾಗದ ನಿಮ್ಮ ಬಳಿಯೇ ಇರಲಿ.