ಚಿಕ್ಕಜ್ಜನ ಲಾಗ್‌ಬುಕ್ಕು, ಹಿಂದಿನ ಸೀಟು

ನಮ್ಮ ಮನೆಯಲ್ಲಿ ಚಿಕ್ಕಜ್ಜ ಅಂದರೆ ಪೈಲಟ್. ಅದರಲ್ಲಿ ಎರಡು ಮಾತಿರಲಿಲ್ಲ. ಹಾಸನದ ಮನೆಯ ಪಡಸಾಲೆಯಲ್ಲಿ ಅವರದೊಂದು ಫೋಟೋ ಇದೆ. ದಪ್ಪ ಮೂತಿಯ ವಿಮಾನದ ಪಕ್ಕ ನಿಂತಿದ್ದಾರೆ, ವಿಮಾನದ ಮೈಮೇಲೆ ಇಂಗ್ಲಿಷಿನ ‘ಕೆ’ ಅಕ್ಷರ. ಬಂದವರಿಗೆ ಕಾಫಿ ಜೊತೆ ಕಥೆಯೂ ಸಿಗುತ್ತಿತ್ತು: ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಯಲ್ಲಿ ಜಪಾನಿಯರ ಮೇಲೆ ಬಾಂಬ್ ಹಾಕಿದವರು, ಅದೂ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಮಾಡಿದ ‘ವಲ್ಟಿ’ ವಿಮಾನದಲ್ಲಿ.

ಈ ಕಥೆಯ ದಾಖಲೆ ಹುಡುಕಲು ಹೊರಟಾಗ ಈ ವಲ್ಟಿಯೇ ನನ್ನ ಆರು ತಿಂಗಳು ತಿಂದಿದ್ದು. 1940ರ ಕೊನೆಯಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಎಚ್‌ಎಎಲ್ ಕಾರ್ಖಾನೆ ಶುರು ಮಾಡಿದಾಗ ಅಲ್ಲಿ ಜೋಡಿಸಬೇಕೆಂದಿದ್ದ ವಿಮಾನಗಳಲ್ಲಿ ವಲ್ಟಿ ವಿ-12 ಅನ್ನುವ ಬಾಂಬರ್ ಕೂಡ ಇತ್ತು. ಹೆಸರು ಸಿಕ್ಕಿತಲ್ಲ, ನಾನು ಅದರ ಹಿಂದೆಯೇ ಬಿದ್ದೆ. ಆದರೆ ಚಿಕ್ಕಜ್ಜ ಹಾರಿದ್ದು ಅದೇ ಕಂಪನಿಯ ಬೇರೆ ವಿಮಾನದಲ್ಲಿ, ವೆಂಜೆನ್ಸ್ ಅಂತ. ಅದು ಅಮೆರಿಕದಲ್ಲೇ ತಯಾರಾಗಿ ಹಡಗಿನಲ್ಲಿ ಬಂದಿದ್ದು. ಅದನ್ನು ಎಚ್‌ಎಎಲ್‌ನಲ್ಲಿ ಮಾಡಿದ್ದು ನಮ್ಮ ಮನೆಯವರ ಬಾಯಲ್ಲಿ ಮಾತ್ರ.

ದಾರಿ ಸಿಕ್ಕಿದ್ದು ಅಟ್ಟದ ಮೇಲಿನ ಟ್ರಂಕಿನಲ್ಲಿ. ಹಳೇ ಪಂಚಾಂಗ, ಎಲ್‌ಐಸಿ ರಸೀದಿಗಳ ಕೆಳಗೆ ಅವರ ಲಾಗ್‌ಬುಕ್, ಅಂದರೆ ಹಾರಾಟಗಳನ್ನು ಬರೆದಿಡುವ ಪುಸ್ತಕ, ಇತ್ತು. ಹೊರಗಿನ ರಟ್ಟು ಗೆದ್ದಲಿಗೆ ಹೋಗಿತ್ತು, ಒಳಗಿನ ಹಾಳೆ ಉಳಿದಿತ್ತು. ತಾರೀಕು, ಹೊರಟ ಗಂಟೆ, ವಿಮಾನದ ನಂಬರು, ಪೈಲಟ್, ಕೆಲಸ, ಷರಾ, ಹಾರಿದ ಹೊತ್ತು. ಇಷ್ಟೇ. ಮನಸ್ಸಿನ ಮಾತು ಒಂದು ಸಾಲೂ ಇಲ್ಲ.

ಓದೋದು ಸುಲಭ ಅಂದುಕೊಂಡಿದ್ದೆ. ಪುಟ ಪುಟಕ್ಕೂ ‘ಡಿ.ಸಿ.ಓ.’ ಅಂತ ಇತ್ತು. ಯಾವುದೋ ಊರಿರಬೇಕು ಅಂತ ಬರ್ಮಾ ಗಡಿಯ ಅರಕಾನ್ ಸೀಮೆಯ ನಕ್ಷೆಯಲ್ಲೆಲ್ಲ ಹುಡುಕಿದೆ. ಊರೂ ಅಲ್ಲ, ಕೇರಿಯೂ ಅಲ್ಲ, ‘ಡ್ಯೂಟಿ ಕ್ಯಾರೀಡ್ ಔಟ್’. ಹೇಳಿದ ಕೆಲಸ ಆಯಿತು ಅಂತ ಅಷ್ಟೇ. ಇನ್ನೊಂದು ತಪ್ಪು ಲೆಕ್ಕದ್ದು. 1.45 ಅಂತ ಬರೆದಿದ್ದನ್ನು ದಶಮಾಂಶ ಅಂದುಕೊಂಡು ಎಲ್ಲವನ್ನೂ ಎಕ್ಸೆಲ್‌ನಲ್ಲಿ ಕೂಡಿಸಿದೆ. ಪುಟದ ಕೆಳಗೆ ಅವರು ಹಾಕಿದ್ದ ಮೊತ್ತಕ್ಕೆ ತಾಳೆಯೇ ಆಗಲಿಲ್ಲ. ಅದು ಒಂದು ಗಂಟೆ 45 ನಿಮಿಷ. ಚಿಕ್ಕಜ್ಜನ ಲೆಕ್ಕ ಸರಿಯಾಗಿತ್ತು, ದಡ್ಡ ನಾನೇ.

ಇಷ್ಟರಲ್ಲಿ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು, ಆದರೂ ನೋಡದ ಹಾಗೆ ಪುಟ ತಿರುಗಿಸುತ್ತಿದ್ದೆ. ‘ಪೈಲಟ್’ ಅನ್ನುವ ಕಾಲಮ್ಮಿನಲ್ಲಿ ಅವರ ಹೆಸರು ಒಂದು ಸಲವೂ ಇಲ್ಲ. ಅಲ್ಲಿರುವುದೆಲ್ಲ ಬೇರೆಯವರದು, ಅದರಲ್ಲೂ ಒಬ್ಬನೇ ಅಧಿಕಾರಿಯ ಹೆಸರು ಮತ್ತೆ ಮತ್ತೆ. ‘ಕೆಲಸ’ದ ಕಾಲಮ್ಮಿನಲ್ಲಿ ಚಿಕ್ಕಜ್ಜ ಬರೆದುಕೊಂಡಿದ್ದು ಏರ್ ಗನ್ನರ್ ಅಂತ, ಅಂದರೆ ವಿಮಾನದ ಹಿಂದಿನ ಸೀಟಿನಲ್ಲಿ ಗನ್ ಹಿಡಿದು ಕೂರುವವನು. ಪೈಲಟ್‌ಗಳ ಲಾಗ್‌ಬುಕ್ಕೇ ಬೇರೆ, ಇದು ನ್ಯಾವಿಗೇಟರ್, ಗನ್ನರ್‌ಗಳಿಗೆ ಕೊಡುತ್ತಿದ್ದ ಪುಸ್ತಕ. ರಟ್ಟು ಉಳಿದಿದ್ದರೆ ಅದರ ಮೇಲೇ ಬರೆದಿರುತ್ತಿತ್ತು. ನಮ್ಮ ಮನೆಯ ಕಥೆಯನ್ನು ಇಷ್ಟು ವರ್ಷ ಕಾಪಾಡಿದ್ದು ಗೆದ್ದಲು!

ಆಮೇಲೆ ಹುಡುಕುವ ರೀತಿಯನ್ನೇ ಬದಲಾಯಿಸಿದೆ. ಅಲ್ಲಿಯವರೆಗೆ ‘ರಾವ್’ ಅಂತ ಹುಡುಕುತ್ತಿದ್ದೆ. ಊರು, ಅಪ್ಪನ ಹೆಸರು ಎಲ್ಲ ಇನಿಷಿಯಲ್ ಆಗಿ ಕಡೆಗೆ ‘ರಾವ್’ ಒಂದೇ ಉಳಿದರೆ ಸೈನ್ಯದ ಕಾಗದದಲ್ಲಿ ಯಾರನ್ನು ಅಂತ ಹುಡುಕುತ್ತೀರಿ? ಮೇಲಾಗಿ ಅವರು ಸಾರ್ಜೆಂಟ್, ಅಧಿಕಾರಿಯಲ್ಲ. ಅಧಿಕಾರಿಗಳಾದರೆ ಕಮಿಷನ್ ಆದಾಗ ಗೆಜೆಟ್‌ನಲ್ಲಿ ಹೆಸರು ಬರುತ್ತದೆ, ಭಾರತ್ ರಕ್ಷಕ್ ಅನ್ನುವ ವೆಬ್‌ಸೈಟಿನವರು ಮಾಡಿರುವ ವಾಯುಪಡೆ ಅಧಿಕಾರಿಗಳ ಪಟ್ಟಿಯಲ್ಲೂ ಸಿಗುತ್ತದೆ. ಹಾಗಾಗಿ ನಮ್ಮವರನ್ನು ಬಿಟ್ಟು ಅವರ ಪೈಲಟನ್ನು ಹುಡುಕಿದೆ. ಒಂದೇ ಸಂಜೆಯಲ್ಲಿ ಸ್ಕ್ವಾಡ್ರನ್, ಅಂದರೆ ಅವರಿದ್ದ ವಾಯುಪಡೆಯ ತುಕಡಿ, ಗೊತ್ತಾಯಿತು: 8ನೇ ಸ್ಕ್ವಾಡ್ರನ್, ಭಾರತೀಯ ವಾಯುಪಡೆ. ವೆಂಜೆನ್ಸ್ ಹಾರಿಸಿದ ನಮ್ಮ ಸ್ಕ್ವಾಡ್ರನ್‌ಗಳು ಎರಡೇ, 7 ಮತ್ತು 8. ಎರಡೂ ಹುಟ್ಟಿದ್ದು 1942ರ ಡಿಸೆಂಬರ್‌ನಲ್ಲಿ, 8 ತಿರುಚಿರಾಪಳ್ಳಿಯಲ್ಲಿ, 7 ವಿಶಾಖಪಟ್ಟಣದಲ್ಲಿ. 8ನೆಯದು ಯುದ್ಧಕ್ಕಿಳಿದಿದ್ದು 1943ರ ಡಿಸೆಂಬರ್‌ನಲ್ಲಿ, ಚಿತ್ತಗಾಂಗ್ ಬಳಿಯ ಡಬಲ್ ಮೂರಿಂಗ್ಸ್ ಅನ್ನುವ ಜಾಗದಿಂದ.

ಸ್ಕ್ವಾಡ್ರನ್ ಗೊತ್ತಾದರೆ ಮುಂದಿನದು ಅದರ ದಿನಚರಿ. ಇದರಲ್ಲಿ ಎರಡು ಫಾರಂ. 540ರಲ್ಲಿ ಆ ದಿನ ಏನಾಯಿತು ಅಂತ ಸುಮಾರಾಗಿ ಇರುತ್ತದೆ. ನಮಗೆ ಬೇಕಾದ್ದು 541: ಪ್ರತಿ ವಿಮಾನದ ನಂಬರು, ಅದರಲ್ಲಿದ್ದವರ ಹೆಸರು, ಏರಿದ ಹೊತ್ತು, ಇಳಿದ ಹೊತ್ತು. ಬ್ರಿಟನ್ನಿನ ಸ್ಕ್ವಾಡ್ರನ್‌ಗಳದ್ದು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ, ಎಐಆರ್ 27 ಅನ್ನುವ ಸರಣಿಯಲ್ಲಿದೆ. ನನಗೆ ಬೇಕಿದ್ದ ಪುಟಗಳ ಫೋಟೋ ಕೊಟ್ಟಿದ್ದು ಇದೇ ಕೆಲಸದಲ್ಲಿರುವ ಇನ್ನೊಬ್ಬರು. ಈ ಹುಚ್ಚು ಹಿಡಿದವರು ಕೇಳಿದರೆ ಇಲ್ಲ ಅನ್ನುವುದು ಕಡಿಮೆ.

ಪುಟ ಬಂದರೂ ಹೊಸ ತಾಪತ್ರಯ. ಟೈಪ್ ಮಾಡಿದ ಗುಮಾಸ್ತನಿಗೆ ‘ರಾವ್’ ಬರೆಯೋದಕ್ಕೆ ಮೂರು ಸ್ಪೆಲಿಂಗ್. ಅದೂ ಸಾಲದು ಅಂತ ಇಬ್ಬರು ರಾವ್‌ಗಳು. ಹಾಗಾಗಿ ಹೆಸರನ್ನು ಕೈಬಿಟ್ಟು ಹೊತ್ತನ್ನು ಹಿಡಿದೆ. ಲಾಗ್‌ಬುಕ್ಕಿನಲ್ಲಿ 1.45 ಅಂತ ಇದ್ದ ದಿನ ಯಾವ ವಿಮಾನ ಏರಿ ಇಳಿಯುವ ಹೊತ್ತಿಗೆ ಒಂದೂಮುಕ್ಕಾಲು ಗಂಟೆ ಹಿಡಿದಿದೆ? ಅದರ ಪೈಲಟ್ ನಮ್ಮ ಪೈಲಟ್ಟೇನಾ? ಎರಡೂ ಕೂಡಿದರೆ ಪಕ್ಕದ ರಾವ್ ನಮ್ಮವರೇ. ಹೀಗೆ 29 ಹಾರಾಟ ಹೊಂದಿಸಿದೆ. ಬಹುಪಾಲು ಅರಕಾನಿನ ಮಯೂ ಬೆಟ್ಟಸಾಲು, ಮೌಂಗ್‌ಡಾ, ಬೂತಿಡಾಂಗ್ ಕಡೆಯವು. ಆರಾರು ವಿಮಾನಗಳ ಗುಂಪು ಕಟ್ಟಿಕೊಂಡು ಹೋಗುತ್ತಿದ್ದರು.

ವಿಮಾನ ಗುರುತಿಸಲು ಹೊರಟವರಿಗೆ ಒಂದು ಮಾತು. ಮೈಮೇಲಿನ ಅಕ್ಷರ ನಂಬಬೇಡಿ. ‘ಕೆ’ ವಿಮಾನ ಬಿದ್ದುಹೋದರೆ, ರಿಪೇರಿಗೆ ಹೋದರೆ, ಬದಲಿಗೆ ಬಂದದ್ದಕ್ಕೂ ಅದೇ ‘ಕೆ’ ಬಳಿಯುತ್ತಿದ್ದರು. ವಿಮಾನದ ಜೊತೆ ಕೊನೆತನಕ ಇರುವುದು ಸೀರಿಯಲ್ ನಂಬರು, ‘ಎಎನ್’ ಅಂತಲೋ ‘ಇಝಡ್’ ಅಂತಲೋ ಶುರುವಾಗಿ ಮುಂದೆ ಮೂರು ಅಂಕಿ. ಶಾಯಿ ಹರಡಿ 3 ಮತ್ತು 8 ಒಂದೇ ಥರ ಕಂಡಾಗ ನಾನು ನಂಬಿದ್ದು 541ನ್ನು. ವಿಮಾನದ ಓಡಾಟದ ಕಾರ್ಡು, ಅಂದರೆ ಫಾರಂ 78, ಇಲ್ಲಿ ಜಾಸ್ತಿ ಕೆಲಸಕ್ಕೆ ಬರಲಿಲ್ಲ. ಹಡಗು ಹತ್ತಿ ಭಾರತಕ್ಕೆ ಬಂದ ಮೇಲೆ ಬರೆಯುವವರ ಉತ್ಸಾಹ ಇಳಿದುಬಿಡುತ್ತದೆ.

ವೆಂಜೆನ್ಸ್ ಬಗ್ಗೆ ಹೇಳದಿದ್ದರೆ ಹಿಂದಿನ ಸೀಟು ಅರ್ಥವಾಗೋದಿಲ್ಲ. ಇಬ್ಬರೇ ಕೂರುವ ಡೈವ್ ಬಾಂಬರ್ ಅದು. ರೆಕ್ಕೆಯನ್ನು ಮೈಗೆ ಸ್ವಲ್ಪವೂ ಓರೆಯಿಲ್ಲದೆ ಕೂರಿಸಿದ್ದರು. ಅದರಿಂದ ಸುಮ್ನೆ ನೇರ ಹಾರುವಾಗ ಮೂತಿ ಎತ್ತಿಕೊಂಡೇ ಹೋಗುತ್ತಿತ್ತು. ಆದರೆ ಗುರಿಯ ಮೇಲೆ ಬಾವಿಗೆ ಬಿಟ್ಟ ಕೊಡದ ಹಾಗೆ ಲಂಬವಾಗಿ ಇಳಿಯಬಲ್ಲದು. ಪೈಲಟ್‌ಗೆ ಗುರಿಯಾದರೂ ಕಾಣುತ್ತದೆ. ಹಿಂದೆ ಮುಖ ಮಾಡಿ ಗನ್ ಹಿಡಿದವನಿಗೆ ಕಾಣುವುದು ಬರೀ ಆಕಾಶ, ಬೆನ್ನು ನೆಲದ ಕಡೆಗೆ.

ಇದನ್ನೆಲ್ಲ ಚಿಕ್ಕಜ್ಜನ ಮಗಳಿಗೆ, ಅಂದರೆ ಅತ್ತೆಗೆ, ಹೇಳಬೇಕಿತ್ತು. ಲಾಗ್‌ಬುಕ್ ಹಿಡಿದು ಎರಡು ಸಲ ಮೈಸೂರಿಗೆ ಹೋಗಿ ಹೇಳದೆ ವಾಪಸ್ ಬಂದಿದ್ದೆ. ಮೂರನೇ ಸಲ ಕಾಲಮ್ಮಿನ ಮೇಲೆ ಬೆರಳಿಟ್ಟು ತೋರಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ಮೂರು ಪುಟ ನೋಡಿದರು.

“ಅಪ್ಪ ಯಾವತ್ತೂ ತಾನು ಪೈಲಟ್ ಅಂತ ಹೇಳಿಲ್ಲ ಕಣೋ. ನಿಮ್ಮಜ್ಜ ಹೇಳ್ತಿದ್ದಿದ್ದು.”

ಆಮೇಲೆ ತಡೆದು, “ರೈಲಲ್ಲಿ ಎಂಜಿನ್ನಿಗೆ ಬೆನ್ನು ಹಾಕಿ ಕೂರೋಕೆ ಆಗ್ತಿರಲಿಲ್ಲ ಅವರಿಗೆ. ಜನರ ಹತ್ರ ಜಗಳ ಮಾಡಿಯಾದ್ರೂ ಸೀಟು ಬದಲಾಯಿಸ್ಕೋತಿದ್ರು” ಅಂದರು.

ಧೈರ್ಯ ಬಂದು ಫೋಟೋದ ವಿಷಯವನ್ನೂ ಹೇಳಿದೆ. ಲಾಗ್‌ಬುಕ್ಕಿನ ಯಾವ ಹಾರಾಟದಲ್ಲೂ ‘ಕೆ’ ಇಲ್ಲ. ಯಾರದೋ ವಿಮಾನದ ಪಕ್ಕ ನಿಂತು ತೆಗೆಸಿಕೊಂಡಿದ್ದಿರಬೇಕು.

“ಇರಲಿ ಬಿಡು, ಚೆನ್ನಾಗಿ ಬಂದಿದೆಯಲ್ಲ.”

ಬಾಕಿ ಇರುವುದು ಅವರ ಸರ್ವಿಸ್ ದಾಖಲೆ. ದೆಹಲಿಯ ಸುಬ್ರೊತೊ ಪಾರ್ಕ್‌ನಲ್ಲಿರುವ ವಾಯುಪಡೆಯ ರೆಕಾರ್ಡ್ ಆಫೀಸಿಗೆ ಬರೆಯಬೇಕು. ನಾನು ಅಣ್ಣನ ಮೊಮ್ಮಗ, ಅದಕ್ಕೇ ಅರ್ಜಿಯನ್ನು ಮಗಳ ಹೆಸರಲ್ಲೇ ಬರೆದೆ. ಅತ್ತೆ ಪೆನ್ನು ತಗೊಂಡು, “ಹುದ್ದೆ ಅನ್ನೋ ಕಡೆ ಏನು ಬರೆದಿದ್ದೀಯ?” ಅಂತ ಕೇಳಿದರು. ಏರ್ ಗನ್ನರ್ ಅಂದೆ. ಕನ್ನಡದಲ್ಲೇ ಸಹಿ ಹಾಕಿದರು.